ಮೊಳೆಗೆ ತೂಗಿದ ಚೈನು

ಹದಿಮೂರು ವರ್ಷಗಳ ಹಿಂದೆ, ದಾವಣಗೆರೆಯ ಆಸ್ಪತ್ರೆಯೊಂದರ ಹಿಂಬದಿಯ ಕಟ್ಟೆಯ ಮೇಲೆ, ಅತ್ತೆ ಉಡಚಮ್ಮನ ಕಂಬಳಿ ಮುಟ್ಟಿ ಕೆಂಚೇಶ್ ಒಂದು ಮಾತು ಕೊಟ್ಟಿದ್ದ: ಈ ಕೂಸಿಗೆ ಇನ್ನು ಮುಂದೆ ಏದುಸಿರು ಬರುವುದಕ್ಕೆ ಬಿಡುವುದಿಲ್ಲ. ಕೂಸು ಆಗ ಒಳಗೆ ಗಾಜಿನ ಪೆಟ್ಟಿಗೆಯಲ್ಲಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದ ಅದರ ಪುಟ್ಟ ಪಕ್ಕೆಗಳ ನಡುವಿನ ಚರ್ಮ ಒಂದೊಂದು ಉಸಿರಿಗೂ ಒಳಕ್ಕೆ ಸೇದಿಕೊಳ್ಳುತ್ತಿತ್ತು, ಯಾರೋ ಒಳಗಿನಿಂದ ದಾರ ಎಳೆಯುತ್ತಿದ್ದ ಹಾಗೆ. ಉಡಚಮ್ಮ ಬಿಳಿಚೋಡಿನವಳು, ಕುರಿಯ ಹಿಂದೆ ನಡೆದೇ ಮುದುಕಿಯಾದವಳು. ಕಂಬಳಿ ಅವಳಿಗೆ ಹೊದಿಕೆಯಲ್ಲ, ಗದ್ದುಗೆ. ಅದನ್ನು ಕಟ್ಟೆಯ ಮೇಲೆ ಹಾಸಿ, ಎರಡೂ ಕೈಯಿಂದ ಸುಕ್ಕು ಬಿಡಿಸಿ, "ಮುಟ್ಟಿ ಹೇಳಪ್ಪಾ" ಅಂದಳು. ಅವನು ಮುಟ್ಟಿ ಹೇಳಿದ. "ತಪ್ಪಿದ್ರೆ ನಿನ್ನ ಮನ್ಯಾಗೆ ನಾನು ನೀರೂ ಮುಟ್ಟಂಗಿಲ್ಲ, ತಿಳ್ಕಾ" ಅಂದಳು. ಅದೇ ಕಂಬಳಿಯಲ್ಲಿ ಸುತ್ತಿ ಮಗುವನ್ನು ಮನೆಗೆ ತಂದದ್ದು. ಈಗ ಅದು ಎರಡಾಗಿ ಮಡಚಿಕೊಂಡು, ಅಂಗಳದಲ್ಲಿ ನಿಂತ ಮೂರು ಚಕ್ರದ ಗಾಡಿಯ ಸೀಟಿನ ಮೇಲೆ ಕೂತಿತ್ತು; ಅದರ ಮೇಲೆ ಅರ್ಪಿತಾ ಕೂತಿದ್ದಳು; ಕೂತಲ್ಲಿಂದಲೇ ಅಪ್ಪನಿಗೆ ಹುಕುಂ ಕೊಡುತ್ತಿದ್ದಳು.

"ಅಪ್ಪಾ, ಅದನ್ನೇನು ಸ್ನಾನ ಮಾಡಿಸ್ತಿದೀಯೋ ಮದುವೆ ಮಾಡಿಸ್ತಿದೀಯೋ? ಬೇಗ ಹಾಕು. ಅಜ್ಜಿ ಬಸ್ಸು ಸಂತೇಬೆನ್ನೂರು ದಾಟಿರುತ್ತೆ."

ಕೆಂಚೇಶ್ ಹೊಸ್ತಿಲ ಮೇಲೆ ಕೂತು, ಹಳೆಯ ತಟ್ಟೆಯಲ್ಲಿ ಡೀಸೆಲ್ ಹಾಕಿಕೊಂಡು ಚೈನು ತಿಕ್ಕುತ್ತಿದ್ದ. ತೊಳೆಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಹೊನ್ನಾಳಿಯಲ್ಲಿ ನಡೆದ ಶಿಬಿರದಲ್ಲಿ ಈ ಗಾಡಿ ಕೊಟ್ಟಾಗ ಅರ್ಪಿತಾ ಎರಡನೇ ಕ್ಲಾಸು. ಎದೆಯ ಮಟ್ಟಕ್ಕೆ ಬರುವ ಕೈ ಪೆಡಲು, ಅಲ್ಲಿಂದ ಚಕ್ರಕ್ಕೆ ಹೋಗುವ ಚೈನು. ಕಾಲಿನ ಕೆಲಸವನ್ನು ಕೈ ಮಾಡಬೇಕು. ಅಡಿಕೆ ಲಾರಿಯ ನೆತ್ತಿಯ ಮೇಲೆ ಅದನ್ನು ಏರಿಸಿಕೊಂಡು ಚನ್ನಗಿರಿಗೆ ತಂದ ಸಂಜೆ ಅವಳು ಪೆಡಲು ಹಿಡಿದು ಗೇಟಿನ ತನಕ ಹೋದಳು. ತಿರುಗಿ ನೋಡಿದಳು. ಬಾಯಿ ತೆರೆದಿತ್ತು, ಎದೆ ಎದ್ದೆದ್ದು ಬೀಳುತ್ತಿತ್ತು. ಅವಳು ನಗುತ್ತಿದ್ದಳೇ? ನೆನಪಾಗುತ್ತಿಲ್ಲ. ಅವನಿಗೆ ಕಂಡದ್ದು ಗಾಜಿನ ಪೆಟ್ಟಿಗೆ. ಅವತ್ತೇ ಸ್ಪ್ಯಾನರು ತಂದು ಚೈನು ಕಳಚಿದ. "ನಾನಿದೀನಲ್ಲ ಮಗಾ, ದೂಡಾಕೆ" ಅಂದ. ಕಳಚಿದ್ದನ್ನು ಗುಜರಿಗೆ ಹಾಕಲು ಮನಸ್ಸು ಬರದೆ ದೇವರ ಪಟದ ಕೆಳಗಿನ ಮೊಳೆಗೆ ತೂಗಿದ. ಆಯುಧಪೂಜೆಯ ದಿನ ತಾನು ದುಡಿಯುವ ಅಡಿಕೆ ಮಂಡಿಯಲ್ಲಿ ತಕ್ಕಡಿ, ಚೀಲ ಎತ್ತುವ ಕೊಕ್ಕೆ, ಕೈಗಾಡಿ ಎಲ್ಲಕ್ಕೂ ಕುಂಕುಮ ಇಟ್ಟು ಮನೆಗೆ ಬಂದು ಈ ಚೈನಿಗೂ ಇಡುತ್ತಿದ್ದ. ಎಣ್ಣೆ ಸವರಿ, ಒಂದು ಚೆಂಡುಹೂವು ಸಿಕ್ಕಿಸಿ, ಮತ್ತೆ ಅದೇ ಮೊಳೆಗೆ. ಒಂದು ದಿನವೂ ಕೆಲಸ ಮಾಡದೆ ವರ್ಷ ವರ್ಷ ಪೂಜೆ ಮಾಡಿಸಿಕೊಂಡ ಆಯುಧ. ಬಂದವರು ಇದೇನು ಅಂತ ಕೇಳಿದರೆ ಅವನಿಗೆ ಸ್ವಲ್ಪ ಹೆಮ್ಮೆಯೇ ಆಗುತ್ತಿತ್ತು. ನಮ್ಮ ಮಗಳು ಪೆಡಲು ತಿರುಗಿಸುವ ಹಾಗಿಲ್ಲ, ತಿರುಗಿಸುವ ಕರ್ಮ ಅವಳಿಗಿಲ್ಲ, ದೂಡುವುದಕ್ಕೆ ನಾನಿದ್ದೇನೆ.

ಏದುಸಿರು ಅಂದರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಅಡಿಕೆ ಚೀಲ ಬೆನ್ನಿಗೆ ಹಾಕಿಕೊಂಡು ಲಾರಿಗೆ ಏರುವ ಹಮಾಲಿಗೆ ಉಸಿರೇ ಬಂಡವಾಳ, ಉಸಿರೇ ಖರ್ಚು. ನ್ಯಾಮತಿಯ ಅಕ್ಕಿ ಗಿರಣಿಯಲ್ಲಿ ಅವನ ಅಪ್ಪನೂ ಹೀಗೆಯೇ ಉಸಿರು ಖರ್ಚು ಮಾಡಿದವನು. ಕೊನೆಕೊನೆಗೆ ಗೋಡೆಗೆ ಎರಡೂ ಕೈ ಊರಿ, ತಲೆ ಬಗ್ಗಿಸಿ ನಿಂತು, ಮುಂದಿನ ಉಸಿರು ಎಲ್ಲಿಂದ ಬರುತ್ತದೋ ಅಂತ ಕಾಯುತ್ತಿದ್ದ. ಸಾವ್ಕಾರರು ಗದ್ದುಗೆಯ ಮೇಲೆ ಕೂತು ಮೆಲ್ಲಗೆ ಉಸಿರಾಡುತ್ತಾರೆ. ಬಡವ ಬಾಯಿ ತೆರೆದು. ಲೋಕ ಇಷ್ಟೇ ಅಂತ ಅವನು ಅಂದುಕೊಂಡಿದ್ದ. ಮಗಳನ್ನು ಸಾವ್ಕಾರರ ಹಾಗೆ ಕೂರಿಸಿದ್ದ. ಕಾಲು ಹುಟ್ಟಿನಿಂದ ಬಿಗಿ, ಚಳಿಗಾಲ ಬಂದರೆ ಎದೆಯಲ್ಲಿ ಸಿಳ್ಳು, ಅವನ ಜೇಬಿನಲ್ಲಿ ಯಾವತ್ತೂ ಅವಳು ಉಸಿರಿಗೆ ಸೇದುವ ನೀಲಿ ಪಂಪು. ಇಷ್ಟೆಲ್ಲ ಕೊಟ್ಟ ದೇವರ ಎದುರು ತಾನು ಗೆದ್ದದ್ದು ಇದೊಂದರಲ್ಲಿ.

ಆ ಗೆಲುವನ್ನೇ ಅವನು ಹೋದ ತಿಂಗಳು ಸಂಧ್ಯಾರಾಣಿ ಮೇಡಂ ಎದುರು ಹೇಳಿಕೊಂಡಿದ್ದು. ಶಾಲೆಯ ಇಂಥ ಮಕ್ಕಳಿಗೆ ವ್ಯಾಯಾಮ ಮಾಡಿಸಲು ವಾರಕ್ಕೊಮ್ಮೆ ಬರುವ ಹೊಸ ಫಿಸಿಯೋಥೆರಪಿ ಮೇಡಂ, ಅರ್ಪಿತಾಳಿಗೆ ಅಕ್ಕ ಅನ್ನಬಹುದಾದಷ್ಟೇ ವಯಸ್ಸು. "ಇವಳಿಗೆ ದಿನದಲ್ಲಿ ಒಂದ್ಸಲನಾದ್ರೂ ಉಸಿರು ಜೋರಾಗುತ್ತಾ? ಬೆವರು ಬರುತ್ತಾ?" ಅಂತ ಕೇಳಿದ್ದಳು. ಕೆಂಚೇಶ್ ಬೆನ್ನು ನೆಟ್ಟಗೆ ಮಾಡಿಕೊಂಡು, "ಇಲ್ಲ ಮೇಡಂ. ಒಂದು ದಿನಾನೂ ಬಿಟ್ಟಿಲ್ಲ" ಅಂದ. ಮೇಡಂ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿ. ಬೆಂಚಿನ ಮೇಲೆ ಕೂತಿದ್ದ ಬೇರೆ ತಾಯಂದಿರೂ ಅವನ ಕಡೆ ತಿರುಗಿದರು. ಬಹುಮಾನ ಕೊಡುತ್ತಾರೆ ಅಂತ ವೇದಿಕೆ ಹತ್ತಿದವನಿಗೆ ತನ್ನ ಹೆಸರು ಕರೆದೇ ಇರಲಿಲ್ಲ ಅಂತ ಅಲ್ಲಿ ಹೋದ ಮೇಲೆ ಗೊತ್ತಾದ ಹಾಗಿತ್ತು. "ಅಂಕಲ್, ಹಾರ್ಟು, ಶ್ವಾಸಕೋಶ ಎಲ್ಲಾ ನೋಡಿ ಡಾಕ್ಟ್ರು ಒಪ್ಪಿದಾರೆ. ಕಾಲು ನಡೀದಿದ್ರೆ ಎದೆಗೆ ಯಾಕೆ ರಜ? ಕೂತೂ ಕೂತೂ ಎದೆ ಸಣ್ಣದಾಗುತ್ತೆ. ಮಾತ್ರೆ ಹೆಂಗೋ ಇದೂ ಹಂಗೆ, ದಿನಾ ಸ್ವಲ್ಪ ಸ್ವಲ್ಪ" ಅಂದಳು. ಎಷ್ಟು ಅಂತ ಹೇಗೆ ತಿಳಿಯಬೇಕು ಅಂದರೆ, "ಮಾತಾಡಾಕೆ ಬರ್ಬೇಕು, ಹಾಡಾಕೆ ಬರ್ಬಾರ್ದು. ಅಷ್ಟು."

"ನಂಗೆ ಹೆಂಗೂ ಹಾಡಾಕೆ ಬರಲ್ಲ ಮೇಡಂ, ಬಸ್ ಕೂಗ್ಲಾ?" ಅಂದಿದ್ದಳು ಅರ್ಪಿತಾ. ಮನೆ ಇರುವುದು ಬಸ್‌ಸ್ಟ್ಯಾಂಡಿನ ಕೆಳಗಿನ ಬೀದಿಯಲ್ಲಿ. ದಿನವಿಡೀ ಕಿಟಕಿಯ ಪಕ್ಕ ಕೂತವಳಿಗೆ ಕಂಡಕ್ಟರುಗಳ ದನಿಯೆಲ್ಲ ಬಾಯಿಪಾಠ. ಹೊನ್ನಾಳಿ ಹೊನ್ನಾಳಿ ಹೊನ್ನಾಳಿ, ನ್ಯಾಮತಿ ಸವಳಂಗ ಶಿಕಾರಿಪುರಾ ಅಂತ ಮೂಗಿನಲ್ಲಿ ಒಂದೇ ಉಸಿರಿಗೆ ಕೂಗಿದಳು. ಬೆಂಚಿನ ತಾಯಂದಿರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗ "ಟಿಕೇಟ್" ಅಂತ ಕೈ ಚಾಚಿದ. ಆಮೇಲೆ ಮೇಡಂ ಅವಳನ್ನು ಕೈಯಲ್ಲಿ ತಿರುಗಿಸುವ ಯಂತ್ರದ ಎದುರು ಕೂರಿಸಿದಾಗ ಕೆಂಚೇಶ್ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತ. ಒಳಗಿನಿಂದ ಯಂತ್ರದ ಗರಗರ, ಮಗಳ ಉಸಿರು. ನಲ್ಲಿಯನ್ನು ಜೋರಾಗಿ ತಿರುಗಿಸಿ ಆ ಸದ್ದನ್ನು ನೀರಲ್ಲಿ ಮುಳುಗಿಸಿದ್ದ. ಅಲ್ಲಿಂದ ಬಂದವನು ತಿಂಗಳಿಡೀ ಸಬೂಬು ಹೇಳಿದ: ಚೈನಿನ ಕೊಂಡಿ ಸವೆದಿದೆ, ಹಲ್ಲುಚಕ್ರ ಸಿಗುತ್ತಿಲ್ಲ, ಬೆನ್ನು ನೋವು. ನಿನ್ನೆ ಅಜ್ಜಿ ಬರುವ ಸುದ್ದಿ ಬಂದದ್ದೇ ಅರ್ಪಿತಾ ಮೊಳೆಯ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಕೈ ಚಾಚಿ, ಹೂವಿನ ಸಮೇತ ಚೈನನ್ನು ಇಳಿಸಿಕೊಂಡಿದ್ದಳು. "ನಾಳೆ ಅಜ್ಜಿನ ಕರ್ಕೊಂಬರಾಕೆ ನಾನೇ ಹೋಗೋದು. ನಾನೇ ತಿರುಗಿಸ್ಕೊಂಡು. ಇಲ್ಲಾಂದ್ರೆ ನಾಳೆಯಿಂದ ನಿನ್ನ ಗಾಡಿ ಹತ್ತಲ್ಲ, ನೆಲದ ಮೇಲೆ ತೆವಳ್ತೀನಿ."

"ಅದೂ ಇವತ್ತೇ, ಅವ್ವ ಬರೋ ದಿನಾನೇ?" ಹೆಂಡತಿ ಪ್ರೇಮಲತಾ ಬಾಗಿಲಿಗೆ ಬಂದು ನಿಂತಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ಭಾನುವಾರವೂ ಕೈಯಲ್ಲಿ ಸೌಟು. "ರೀ, ಕಂಬಳಿ ಆಣೆ. ಅವ್ವ ಮೊದ್ಲೇ ಒಂದು ಹಠದ ಮುಂಡೇದು. ವಾಪಸ್ ಅದೇ ಬಸ್ಸಿಗೆ ಹತ್ತಿದ್ರೆ ನಾನು ಯಾರ ಮುಖ ನೋಡ್ಲಿ?"

"ಬ್ಯಾಡ ಅಂತೀಯಾ?" ಕೆಂಚೇಶನ ಕೈ ನಿಂತಿತು. ಬೇಡ ಅಂದರೆ ಸಾಕು ಅನ್ನುವ ಆಸೆ ತನ್ನ ದನಿಯಲ್ಲಿ ಇದ್ದದ್ದು ಅವನಿಗೇ ಕೇಳಿಸಿ ನಾಚಿಕೆಯಾಯಿತು.

ಪ್ರೇಮಲತಾ ಮಗಳನ್ನು ನೋಡಿದಳು, ಚೈನನ್ನು ನೋಡಿದಳು. "ನಾನೇನೂ ಅನ್ನಲ್ಲಪ್ಪಾ. ಆಣೆ ಮಾಡಿದ್ದು ನೀವು" ಅಂತ ಒಳಗೆ ಹೋಗಿ, ಒಂದು ನೀರಿನ ಬಾಟಲಿ ತಂದು ಗಾಡಿಯ ಹ್ಯಾಂಡಲಿಗೆ ಚೀಲದ ಸಮೇತ ಕಟ್ಟಿದಳು.

ಚೈನು ಕೂರಿಸಿಯಾದ ಮೇಲೆ, ಮೇಡಂ ಹೇಳಿದ್ದಂತೆ ಅರ್ಪಿತಾ ಮೊದಲು ಪಂಪು ಸೇದಿಕೊಂಡಳು; ಸ್ವಲ್ಪ ಕಾದು ಹೊರಟರು. ಬೀದಿ ಮೊದಲು ಮಟ್ಟಸವಾಗಿ ಹೋಗಿ ಆಮೇಲೆ ಬಸ್‌ಸ್ಟ್ಯಾಂಡಿನ ಕಡೆ ಏರುತ್ತದೆ. ಅರ್ಪಿತಾ ಪೆಡಲು ತಿರುಗಿಸಿದಳು. ಚೈನು ಒಂದು ಸಲ ಕಟಕ್ ಅಂತು, ವರ್ಷಗಳ ಮೌನ ಮುರಿದವರ ಹಾಗೆ, ಆಮೇಲೆ ಸರಸರನೆ ಓಡಿತು. ಗಾಡಿ ಹಗುರಾಗಿ ಸಾಗುತ್ತಿತ್ತು. ಬಿಸಿಲು ಇನ್ನೂ ಎಳಸಾಗಿತ್ತು, ಯಾರದೋ ಮಹಡಿಯ ಮೇಲೆ ಹರವಿದ ಅಡಿಕೆಯ ಒಗರು ವಾಸನೆ, ನಾಯಿಯೊಂದು ಸ್ವಲ್ಪ ದೂರ ಜೊತೆಗೆ ಬಂತು. ಪರವಾಗಿಲ್ಲ, ಇಷ್ಟು ಸಲೀಸೇ, ಅಂದುಕೊಳ್ಳುತ್ತಿದ್ದ ಕೆಂಚೇಶ್. ಆಗ ಅವಳು ತಿರುಗಿಯೂ ನೋಡದೆ, "ಅಪ್ಪಾ, ಕೈ ತಗಿ" ಅಂದಳು.

"ಎಲ್ಲಿ ಇಟ್ಟೀನಿ?"

"ಸೀಟಿನ ಹಿಂದೆ. ನಂಗೆ ಗೊತ್ತಾಗುತ್ತೆ. ನಾನೇನು ಅಡಿಕೆ ಚೀಲನಾ?"

ಅವನು ನೋಡಿಕೊಂಡ. ಬಲಗೈ ಸೀಟಿನ ಹಿಂದಿನ ಕಂಬಿಯ ಮೇಲಿತ್ತು, ದೂಡುತ್ತಲೂ ಇತ್ತು. ಯಾವಾಗ ಹೋಗಿ ಕೂತಿತೋ. ತೆಗೆದ. ತೆಗೆದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡ, ಜೇಬಿಗೆ ಹಾಕಿದ, ಕೊನೆಗೆ ಹೆಗಲ ಮೇಲಿನ ಟವೆಲ್ಲಿನ ತುದಿ ಹಿಡಿದುಕೊಂಡ. ಇಷ್ಟು ವರ್ಷ ಮಗಳ ಬೆನ್ನನ್ನೇ ನೋಡುತ್ತ ಬೀದಿಗಳಲ್ಲಿ ತಿರುಗಿದ್ದವನಿಗೆ ಈಗ ಪಕ್ಕದಲ್ಲಿ ನಡೆಯಬೇಕಾಗಿ ಬಂತು. ಪಕ್ಕದಿಂದ ಅವಳು ಬೇರೆ ಯಾರೋ. ಮೇಲ್ದುಟಿಯ ಮೇಲೆ ಸಣ್ಣ ಸಣ್ಣ ಹನಿ. ತೋಳಿನಲ್ಲಿ ಒಂದು ನರ ಎದ್ದು ನಿಂತಿತ್ತು, ಥೇಟ್ ತನ್ನ ತೋಳಿನದೇ. ಎಲಾ ಇವಳ, ಇದು ಯಾವಾಗ ಬಂತು ಇವಳಿಗೆ, ಚೀಲ ಹೊರದೆ? ಟೀ ಅಂಗಡಿಯ ಬಸವರಾಜಪ್ಪ ಲೋಟ ತೊಳೆಯುವುದನ್ನು ಬಿಟ್ಟು, "ಏನಲೇ ಕೆಂಚೇಶ, ಡ್ರೈವರ್ ಚೇಂಜಾ ಇವತ್ತು? ನೀನು ಕ್ಲೀನರ್ರಾ?" ಅಂತ ಕೂಗಿದ. "ಹೂಂ ರೀ, ಸಂಬ್ಳ ಇಲ್ದಿರೋ ಕ್ಲೀನರ್" ಅಂತ ಉತ್ತರ ಕೊಟ್ಟದ್ದು ಅರ್ಪಿತಾ. ಮಾತು ಎರಡು ತುಂಡಾಗಿ ಬಂತು.

ಏರು ಶುರುವಾಯಿತು. ಪೆಡಲಿನ ಸುತ್ತು ನಿಧಾನವಾಯಿತು, ಅವಳ ಭುಜ ಮುಂದಕ್ಕೆ ಬಾಗಿತು. ಕೆಂಚೇಶನಿಗೆ ಅವಳ ಉಸಿರಲ್ಲದೆ ಬೇರೆ ಏನೂ ಕೇಳಿಸದಾಯಿತು. ಹಾ, ಹಾ, ಹಾ. ಗೋಡೆಗೆ ಕೈ ಊರಿ ನಿಂತ ಅಪ್ಪ. ನ್ಯಾಮತಿಯ ಗಿರಣಿಯ ತೌಡಿನ ಧೂಳಿನಲ್ಲಿ ಬೆಳ್ಳಗಾದ ಅವನ ಹುಬ್ಬು. ಗಾಜಿನ ಪೆಟ್ಟಿಗೆಯ ಒಳಗೆ ಯಾರೋ ದಾರ ಎಳೆಯುತ್ತಿದ್ದಾರೆ. ಕಂಬಳಿಯ ಒರಟು ಅಂಗೈಗೆ ತಾಗುತ್ತಿದೆ, ಹೇಳಪ್ಪಾ ಮುಟ್ಟಿ ಹೇಳು, ನರ್ಸಮ್ಮ ಯಾರನ್ನೋ ಕೂಗುತ್ತಿದ್ದಾಳೆ, ತಾನು ಹೇಳುತ್ತಿದ್ದೇನೆ, ಬಿಡಂಗಿಲ್ಲ ಅತ್ತೆ, ಬಿಡಂಗಿಲ್ಲ. ಗಾಡಿ ನಿಂತಿತು. ಏರಿನ ನಡುವೆ ಬ್ರೇಕು ಹಿಡಿದು ಅರ್ಪಿತಾ ತಲೆ ಬಗ್ಗಿಸಿದ್ದಳು, ಬೆನ್ನು ತಿದಿಯ ಹಾಗೆ ಆಡುತ್ತಿತ್ತು. ಅವನ ಕೈ ಜೇಬಿಗೆ ಹೋಯಿತು, ಪಂಪು ಜಾರಿ ಬಿತ್ತು, ಎತ್ತಿಕೊಂಡ. ಮುಚ್ಚಳ ಬಿಚ್ಚಲು ಬಾರದು, ದಿನಾ ಬಿಚ್ಚುವ ಮುಚ್ಚಳ. "ಸಾಕು ಮಗಾ, ಸಾಕು, ನಾನು ದೂಡ್ತೀನಿ, ತಗಾ ಇದು." ಅವಳು ತಲೆ ಎತ್ತದೆ ಒಂದು ಕೈ ಎತ್ತಿ ಬೇಡ ಅಂತ ಆಡಿಸಿದಳು. ಮಾತು ಬರುತ್ತಿಲ್ಲವೇ? ಮಾತಾಡಾಕೆ ಬರ್ಬೇಕು ಅಂದಿದ್ದರು ಮೇಡಂ. "ಅಪ್ಪೀ, ಮಾತಾಡೇ. ಏನಾರ ಮಾತಾಡು."

ಅವನು ಬಗ್ಗಿ ಅವಳ ಬೆನ್ನಿಗೆ ಕಿವಿ ಇಟ್ಟ. ನಡುಬೀದಿಯಲ್ಲಿ, ಎಲ್ಲರೂ ನೋಡುತ್ತಿರುವಾಗ. ಸಿಳ್ಳಿಗೆ ಕಾದ. ಚಳಿಗಾಲದ ರಾತ್ರಿಗಳಲ್ಲಿ ಬಾಗಿಲ ಸಂದಿಯಲ್ಲಿ ಗಾಳಿ ನುಸುಳುವ ಹಾಗೆ ಬರುವ ಆ ಸಣ್ಣ ಸಿಳ್ಳು, ಅದರ ಗುರುತು ಅವನಿಗೆ ನಿದ್ದೆಯಲ್ಲೂ ಸಿಗುತ್ತದೆ. ಅದು ಇರಲಿಲ್ಲ. ಕಿವಿಯನ್ನು ಇನ್ನೂ ಒತ್ತಿದ. ಬೇರೆ ಏನೋ ಇತ್ತು. ಅಗಲವಾದ, ದೊಡ್ಡ ಗಾಳಿ. ಎರಡೂ ಬಾಗಿಲು ತೆರೆದ ಮನೆಯೊಳಗೆ ಹೊಕ್ಕು ಎಲ್ಲ ಕೋಣೆಗಳಿಗೂ ಹೋಗಿ ಹೊರಗೆ ಬರುವ ಗಾಳಿ. ಅದರ ಅಡಿಯಲ್ಲಿ ಎದೆ ಬಡಿತ, ತಮಟೆಯ ಹಾಗೆ, ಹೆದರಿದ್ದಲ್ಲ, ಕುಣಿಸುವಂಥದ್ದು. ಇಷ್ಟು ದೊಡ್ಡ ಮನೆ ಇವಳೊಳಗೆ ಇತ್ತೇ? ಇದನ್ನು ತಾನು ಬೀಗ ಹಾಕಿ, ಬೀಗದ ಕೈಯನ್ನು ಮೊಳೆಗೆ ತೂಗಿ, ಕುಂಕುಮ ಇಡುತ್ತಿದ್ದೆನೇ? ಅವನಿಗೆ ಗೊತ್ತಿದ್ದದ್ದು ಒಂದೇ ಏದುಸಿರು, ಇಲ್ಲದ್ದಕ್ಕೆ ಬಾಯಿ ಬಿಡುವುದು. ಇದು ಇರುವುದಕ್ಕೆ ಬಾಯಿ ಬಿಡುವುದು. ಶಬ್ದ ಹೆಚ್ಚುಕಡಿಮೆ ಅದೇ. ಬೆನ್ನಿಗೆ ಕಿವಿ ಇಟ್ಟರೆ ಮಾತ್ರ ಬೇರೆ.

"ಅಪ್ಪಾ," ಅಂದಳು ಅರ್ಪಿತಾ, ಒಂದೊಂದೇ ಮಾತಿಗೆ ಒಂದೊಂದು ಉಸಿರು ಕೊಟ್ಟು, "ಕಚಗುಳಿ. ಆಗ್ತೈತೆ. ಗಡ್ಡ. ಬೋಳಿಸ್ಕೊಂಡು. ಬರಾಕೆ ಆಗಲ್ವಾ."

ಅವನು ನಕ್ಕ. ತಾನು ನಗುತ್ತಿರುವುದು ಮೊದಲು ತಿಳಿಯಲಿಲ್ಲ. ಕಣ್ಣು ಒದ್ದೆಯಾದಾಗ ತಿಳಿಯಿತು. "ಬಸ್ ಕೂಗು ನೋಡಾನ" ಅಂದ. ಅವಳು ಬೆನ್ನು ನೆಟ್ಟಗೆ ಮಾಡಿ, ಮೂಗು ಹಿಡಿದು, "ಹೊನ್ನಾಳಿ ಹೊನ್ನಾಳಿ ಹೊನ್" ಅಂದವಳು ಅಲ್ಲಿಗೇ ಉಸಿರು ಮುಗಿದು ಏದುತ್ತಲೇ ನಗತೊಡಗಿದಳು. ಬಸ್ಸು ನ್ಯಾಮತಿ ಮುಟ್ಟಲೇ ಇಲ್ಲ. ಮಾತು ಬರುತ್ತದೆ, ಹಾಡು ಬರುವುದಿಲ್ಲ. ಸರಿಯಾಗಿದೆ. ಅಷ್ಟೇ ಬೇಕಾದದ್ದು. ಉಸಿರು ಇಳಿದ ಮೇಲೆ ಅವಳು ಪೆಡಲು ಹಿಡಿದಳು. ಉಳಿದ ಏರಿನುದ್ದಕ್ಕೂ ಕೆಂಚೇಶ್ ಪಕ್ಕದಲ್ಲೇ ನಡೆದ, ಕೈ ಎಲ್ಲಿದೆ ಅಂತ ಮರೆತು.

ಬಸ್ಸು ಬಂದು ನಿಂತಿತ್ತು. ತಲೆಯ ಮೇಲೆ ರೊಟ್ಟಿಯ ಗಂಟು, ಬಗಲಲ್ಲಿ ಇನ್ನೊಂದು ಗಂಟು ಇಟ್ಟುಕೊಂಡು ಉಡಚಮ್ಮ ಕೆಳಗೆ ಇಳಿದಿದ್ದಳು. ಬಿಳಿಚೋಡಿನಲ್ಲಿ ಹತ್ತುವಾಗ ಸೀಟು ಕೊಡದ ಯಾರಿಗೋ ಇನ್ನೂ ಬೈಯುತ್ತಿದ್ದಳು. ಬೈಗುಳದ ನಡುವೆ ಮೊಮ್ಮಗಳು ಕಂಡಳು. ಕೆಂಪಗೆ ಕಾದ ಮುಖ, ಹಣೆಗೆ ಅಂಟಿದ ಕೂದಲು, ತೆರೆದ ಬಾಯಿ. ಗಂಟು ನೆಲಕ್ಕೆ ಬಿತ್ತು.

"ಏನು ಮಾಡಿದ್ಯೋ ನನ್ನ ಕೂಸಿನ್ನ! ಏ ಕೆಂಚೇಶಾ!" ಬಸ್‌ಸ್ಟ್ಯಾಂಡೇ ತಿರುಗಿ ನೋಡಿತು. "ಕಂಬ್ಳಿ ಮುಟ್ಟಿ ಹೇಳಿದ್ಯಲ್ಲೋ! ಅದೇ ಕಂಬ್ಳಿ ಮ್ಯಾಲೆ ಕುಂದ್ರಿಸಿ ಹಿಂಗ್ ಮಾಡೀಯಲ್ಲೋ!"

ಏರಿನ ಕೆಳಗೆ ಅವನು ಮಾತುಗಳನ್ನು ಜೋಡಿಸಿಕೊಂಡಿದ್ದ: ಡಾಕ್ಟ್ರು ಒಪ್ಪಿದಾರೆ ಅತ್ತೆ, ಮೇಡಂ ಹೇಳಿದಾರೆ ಅತ್ತೆ. ಅದೆಲ್ಲ ಬಿಟ್ಟು, "ಹೌದತ್ತೆ" ಅಂದ. "ತಪ್ಪೀನಿ."

"ನಿನ್ನ ಮನಿ ನೀರು ನಂಗೆ ಬ್ಯಾಡ."

"ಆತು ಅತ್ತೆ."

"ಅಜ್ಜಿ," ಅರ್ಪಿತಾ ಮುದುಕಿಯ ಕೈ ಹಿಡಿದು ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. "ನೋಡು. ಬಡ್ಕಂತೈತಾ? ನಾನೇ ಬಂದಿದ್ದು. ಕೆಳಗಿನ ಬೀದಿಯಿಂದ. ಅಪ್ಪ ಕೈ ಇಕ್ಕಿಲ್ಲ. ಇಕ್ಕಿದ್ದ, ತಗಿಸಿದೆ."

ಉಡಚಮ್ಮನ ಕೈ ಅಲ್ಲೇ ಇತ್ತು. ಬೈಗುಳ ನಿಲ್ಲಲಿಲ್ಲ, ಅಳಿಯನನ್ನು, ಡಾಕ್ಟರನ್ನು, ಕಾಣದ ಆ ಮೇಡಮ್ಮನನ್ನು, ಎಲ್ಲರನ್ನೂ ಬೈದಳು. ಕೈ ಮಾತ್ರ ಎದೆಯ ಮೇಲಿಂದ ಏಳಲಿಲ್ಲ. ಆಮೇಲೆ ಎರಡೂ ಗಂಟನ್ನು ಗಾಡಿಯ ಹಿಂದೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ, ನಾನೂ ನೋಡ್ತೀನಿ" ಅಂದಳು.

ಬರುವಾಗ ಇಳಿಜಾರು. ಅರ್ಪಿತಾ ಬ್ರೇಕನ್ನು ಹಿಡಿದೂ ಹಿಡಿಯದ ಹಾಗೆ ಹಿಡಿದಿದ್ದಳು. ಗಾಡಿ ಓಡತೊಡಗಿತು, ಅವಳ ಜಡೆ ಹಾರಿತು. ಕೆಂಚೇಶ್ ಹಿಂದೆ ಓಡಿದ, ಟವೆಲ್ಲು ಬಿತ್ತು, ಬಿಟ್ಟು ಓಡಿದ. ಮುಂದೆ ಒಂದಷ್ಟು ಹುಡುಗರು ದಾರಿಗೆ ಅಡ್ಡ ನಿಂತಿದ್ದರು. ಆಗ ಪಕ್ಕದಲ್ಲಿ, ಅವನಿಗಿಂತ ಎರಡು ಹೆಜ್ಜೆ ಮುಂದೆ ಓಡುತ್ತಿದ್ದ ಉಡಚಮ್ಮನ ಗಂಟಲಿನಿಂದ ಅವನು ಬಿಳಿಚೋಡಿನ ಬಯಲಿನಲ್ಲಿ ಮಾತ್ರ ಕೇಳಿದ್ದ ದನಿಯೊಂದು ಹೊರಟಿತು. ಹುರ್ರ್ರಾ, ಹೇ ಹೇ ಹೇ, ಹುರ್ರ್ರಾ! ಇಡೀ ಮಂದೆಯನ್ನು ಹಳ್ಳ ದಾಟಿಸುವ ಕೂಗು. ಹುಡುಗರು ಕುರಿಮರಿಗಳ ಹಾಗೆ ಎರಡೂ ಕಡೆ ಚೆದುರಿದರು. ಬಸವರಾಜಪ್ಪ ಲೋಟ ಹಿಡಿದುಕೊಂಡೇ ಅಂಗಡಿಯಿಂದ ಹೊರಗೆ ಬಂದ. ಅರ್ಪಿತಾ ಬೀದಿಯ ಎರಡೂ ಕಡೆಗೆ ಕೇಳುವ ಹಾಗೆ, "ಚನ್ನಗಿರಿ ಚನ್ನಗಿರಿ ಚನ್ನಗಿರೀ" ಅಂತ ಕೂಗುತ್ತಿದ್ದಳು. ಇಳಿಜಾರಿನಲ್ಲಿ ಉಸಿರಿಗೆ ಬರವಿರಲಿಲ್ಲ.

ಗೇಟಿನ ಮುಂದೆ ಮೂವರೂ ನಿಂತರು. ಪ್ರೇಮಲತಾ ಬಾಗಿಲಲ್ಲಿ ತಂಬಿಗೆಯ ನೀರು ಹಿಡಿದು, ಮುಂದೆ ಬರಬೇಕೋ ಬೇಡವೋ ತಿಳಿಯದೆ ನಿಂತಿದ್ದಳು. ಮುದುಕಿ ಗೇಟಿನ ಕಂಬ ಹಿಡಿದು ಬಾಯಿ ತೆರೆದು ಉಸಿರು ಬಿಡುತ್ತಿದ್ದಳು, ಅಳಿಯ ಮೊಣಕಾಲಿಗೆ ಕೈ ಊರಿಕೊಂಡು. ತಂಬಿಗೆಯ ಕಡೆ ನೋಡಿ ಉಡಚಮ್ಮ ಮುಖ ತಿರುಗಿಸಿದಳು. ಮಾತು ಅಂದರೆ ಮಾತು. ಗಂಟಲು ಮಾತ್ರ ಗುಟುಕರಿಸಿತು. ಅರ್ಪಿತಾ ಹ್ಯಾಂಡಲಿಗೆ ಕಟ್ಟಿದ್ದ ಬಾಟಲಿ ಬಿಚ್ಚಿ ಚಾಚಿದಳು.

"ಬ್ಯಾಡ ಅಂದೆನಲ್ಲ ಕೂಸೇ, ಈ ಮನಿ ನೀರು."

"ಇದು ನಿನ್ನಳಿಯನ ಮನೆ ಅಲ್ಲಜ್ಜಿ. ನನ್ನ ಗಾಡಿ."

ಉಡಚಮ್ಮ ಗಾಡಿಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಡೀಸೆಲ್ ವಾಸನೆಯ ಚೈನು, ಅದಕ್ಕೆ ಎಲ್ಲೋ ಇನ್ನೂ ಅಂಟಿಕೊಂಡಿದ್ದ ಚೆಂಡುಹೂವಿನ ಒಂದು ಎಸಳು, ಮಡಚಿದ ಕಂಬಳಿ. ಬಾಟಲಿ ತೆಗೆದುಕೊಂಡು, ತಲೆ ಹಿಂದಕ್ಕೆ ಹಾಕಿ, ಎತ್ತಿ ಸುರಿದುಕೊಂಡು ಖಾಲಿ ಮಾಡಿದಳು. ಅವಳು ಇದ್ದಷ್ಟು ದಿನವೂ ಆ ಬಾಟಲಿಯ ನೀರೇ ಕುಡಿದಳು. ಅದನ್ನು ಮನೆಯಲ್ಲಿ ತುಂಬಿಸುವಂತಿರಲಿಲ್ಲವಾದ್ದರಿಂದ ದಿನಾ ಸಂಜೆ ಏರಿನ ತುದಿಯ ಬೀದಿ ನಲ್ಲಿಗೆ ಹೋಗಿ ತುಂಬಿ ತರುವುದು ಅರ್ಪಿತಾಳ ಕೆಲಸವಾಯಿತು. ಮೊಳೆಗೆ ಪ್ರೇಮಲತಾ ಜಾಲರಿ ಸೌಟು ತೂಗಿದಳು.

ಕೆಂಚೇಶ್ ಕಂಬಳಿ ಮುಟ್ಟಿ ಕೊಟ್ಟ ಮಾತು ಹೀಗೆ ದಿನಾ ಸಂಜೆ ಒಂದೊಂದು ಸಲ ಮುರಿಯಿತು.